ಕಿವಿ ತಪ್ಪಿದ್ದು ಕೈಯಲ್ಲೂ ತಪ್ಪುತ್ತದೆ

ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ಜರ್ಮನಿಗಳ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಕರ್ನಾಟಕದ ಪದವೀಧರರಲ್ಲಿ ಬಹಳಷ್ಟು ಮಂದಿ ಮೊದಲು ದಾಟಬೇಕಾದದ್ದು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯನ್ನು. ಹುಡುಗರ ಬಾಯಲ್ಲಿ ಅದು ‘ಐಲ್ಟ್ಸ್’. ಬ್ರಿಟಿಷ್ ಕೌನ್ಸಿಲ್, ಐಡಿಪಿ ಮತ್ತು ಕೇಂಬ್ರಿಜ್ ಸಂಸ್ಥೆಗಳ ಜಂಟಿ ಒಡೆತನದ ಈ ಪರೀಕ್ಷೆ ಈಗಿನ ಹೆಸರಿನಲ್ಲಿ 1989ರಿಂದ ನಡೆಯುತ್ತಿದೆ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ಒಂದೊಂದಕ್ಕೂ 9ರವರೆಗೆ ‘ಬ್ಯಾಂಡ್’ ಅಂಕ. ನಾಲ್ಕರ ಸರಾಸರಿಯೇ ಅಂತಿಮ ಫಲಿತಾಂಶ. ಸ್ನಾತಕೋತ್ತರ ಪ್ರವೇಶಕ್ಕೆ ಸಾಮಾನ್ಯವಾಗಿ 6.5 ಕೇಳುತ್ತಾರೆ, ಯಾವ ಭಾಗದಲ್ಲೂ 6ಕ್ಕಿಂತ ಕೆಳಗಿಳಿಯಬಾರದು ಎಂಬ ಷರತ್ತೂ ಹಲವೆಡೆ ಇರುತ್ತದೆ. ನಮ್ಮವರು ಸಿಕ್ಕಿಬೀಳುವುದು ಈ ಎರಡನೆಯ ಷರತ್ತಿನಲ್ಲಿ. ಸರಾಸರಿ ಕೂಡಿಬಂದಿರುತ್ತದೆ, ಬರವಣಿಗೆ ಮಾತ್ರ 5.5ಕ್ಕೆ ನಿಂತಿರುತ್ತದೆ. ಮತ್ತೊಮ್ಮೆ ಸಾವಿರಾರು ರೂಪಾಯಿ ಶುಲ್ಕ ಕಟ್ಟಿ ಮತ್ತೆ ಕೂರಬೇಕು. ಇದು ನಮ್ಮವರಷ್ಟೇ ಅನುಭವಿಸುವ ಕಷ್ಟವಲ್ಲ. ಜಗತ್ತಿನಾದ್ಯಂತ ಈ ಪರೀಕ್ಷೆಯ ನಾಲ್ಕು ಭಾಗಗಳ ಪೈಕಿ ಸರಾಸರಿ ಅಂಕ ಸಾಮಾನ್ಯವಾಗಿ ತೀರಾ ಕೆಳಗಿರುವುದು ಬರವಣಿಗೆಯಲ್ಲೇ.

ಈ ಕೊರತೆಗೆ ತರಬೇತಿ ಕೇಂದ್ರಗಳು ಹೇಳುವ ಮದ್ದು ಹೆಚ್ಚುಕಡಿಮೆ ಒಂದೇ ಬಗೆಯದು. ಕೇಳುವ ಭಾಗಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಾಕಿಸಿ ಅಂಕ ಎಣಿಸುವುದು, ಬರೆಯುವ ಭಾಗಕ್ಕೆ ‘ಟೆಂಪ್ಲೇಟ್’ ಕೊಟ್ಟು ಬಾಯಿಪಾಠ ಮಾಡಿಸುವುದು. ಎರಡನ್ನೂ ಬೇರೆ ಬೇರೆ ವಿಷಯಗಳೆಂಬಂತೆ ಬೇರೆ ಬೇರೆ ದಿನ, ಬೇರೆ ಬೇರೆ ಪುಸ್ತಕಗಳಿಂದ ಕಲಿಸುವುದು. ಈ ವಿಂಗಡಣೆಯೇ ತಪ್ಪು ಎಂಬುದು ನನ್ನ ವಾದ. ಕನ್ನಡ ಮಾಧ್ಯಮದಲ್ಲಿ ಓದಿಬಂದ ವಿದ್ಯಾರ್ಥಿಗೆ ಕೇಳುವುದರಲ್ಲಿ ಆಗುವ ತೊಂದರೆ ಮತ್ತು ಬರೆಯುವುದರಲ್ಲಿ ಆಗುವ ತೊಂದರೆ ಬಹುಮಟ್ಟಿಗೆ ಒಂದೇ ಬೇರಿನವು. ಯಾವ ಸಣ್ಣ ಸದ್ದುಗಳು ಅವನ ಕಿವಿಗೆ ಬೀಳುವುದಿಲ್ಲವೋ ಆ ಸಣ್ಣ ಪದಗಳೇ ಅವನ ಬರಹದಲ್ಲೂ ಬಿಟ್ಟುಹೋಗುತ್ತವೆ. ಹಾಗಾಗಿ ಸಿದ್ಧತೆಯೂ ಕಿವಿಯಿಂದ ಕೈಗೆ ಒಂದೇ ದಾರಿಯಲ್ಲಿ ಸಾಗಬೇಕು.

ಕೇಳುವ ಪರೀಕ್ಷೆ ನಿಜಕ್ಕೂ ಏನನ್ನು ಅಳೆಯುತ್ತದೆ ಎಂದು ಮೊದಲು ನೋಡೋಣ. ಸುಮಾರು 30 ನಿಮಿಷ, 40 ಪ್ರಶ್ನೆ, ನಾಲ್ಕು ಧ್ವನಿಮುದ್ರಣ. ಮೊದಲನೆಯದು ದಿನಬಳಕೆಯ ಸಂಭಾಷಣೆ, ಬಾಡಿಗೆ ಮನೆ ವಿಚಾರಿಸುವುದೋ ಟಿಕೆಟ್ ಕಾದಿರಿಸುವುದೋ ಇರುತ್ತದೆ. ಎರಡನೆಯದು ಸಾರ್ವಜನಿಕ ವಿಷಯದ ಮೇಲೆ ಒಬ್ಬರ ಮಾತು. ಮೂರನೆಯದು ವಿದ್ಯಾರ್ಥಿಗಳು, ಅಧ್ಯಾಪಕರ ನಡುವಿನ ಚರ್ಚೆ. ನಾಲ್ಕನೆಯದು ಪಾಠದ ಕೋಣೆಯ ಉಪನ್ಯಾಸ. ಎಲ್ಲವನ್ನೂ ಒಂದೇ ಒಂದು ಸಲ ಕೇಳಿಸುತ್ತಾರೆ. ಬ್ರಿಟಿಷ್, ಆಸ್ಟ್ರೇಲಿಯನ್, ನ್ಯೂಜಿಲೆಂಡ್, ಅಮೆರಿಕನ್, ಕೆನಡಿಯನ್ ಉಚ್ಚಾರಗಳು ಬೆರೆತು ಬರುತ್ತವೆ. ಮಾತಿನೊಳಗೆ ಬೇಕೆಂದೇ ತಿರುವುಗಳಿರುತ್ತವೆ: ಮಂಗಳವಾರ ಎಂದವರು ಮರುಕ್ಷಣವೇ ಬೇಡ, ಬುಧವಾರವೇ ಆಗಲಿ ಎನ್ನುತ್ತಾರೆ, ಮೊದಲು ಕೇಳಿದ್ದನ್ನೇ ಬರೆದವರು ಅಂಕ ಕಳೆದುಕೊಳ್ಳುತ್ತಾರೆ. ಉತ್ತರದ ಕಾಗುಣಿತ ತಪ್ಪಿದರೆ ಅಂಕವಿಲ್ಲ. ಬಹುವಚನದ ಕೊನೆಯ ‘ಸ್’ ಬಿಟ್ಟುಹೋಗಿ ಅರ್ಥ ಕೆಟ್ಟರೂ ಅಂಕವಿಲ್ಲ. 40ರಲ್ಲಿ ಸುಮಾರು 23 ಸರಿಯಾದರೆ ಬ್ಯಾಂಡ್ 6, ಸುಮಾರು 30 ಸರಿಯಾದರೆ 7. ಅಂದರೆ ಮೂರು ನಾಲ್ಕು ಉತ್ತರಗಳಿಗೆ ಅರ್ಧ ಬ್ಯಾಂಡ್. ಅರ್ಥವಾಗಿದ್ದೂ ಕೊನೆಯ ಒಂದು ಸದ್ದನ್ನು ಹಿಡಿಯದೆ ಹೋದದ್ದಕ್ಕೆ ತೆರುವ ದಂಡ ಇದು.

ಈಗ ಕನ್ನಡದ ಕಿವಿಯ ಕಡೆಗೆ ಬರೋಣ. ಅದು ದುರ್ಬಲ ಕಿವಿಯಲ್ಲ. ‘ಬಿಡು’ ಮತ್ತು ‘ಬೀಡು’, ‘ಕಡು’ ಮತ್ತು ‘ಕಾಡು’ಗಳ ನಡುವಿನ ಹ್ರಸ್ವ ದೀರ್ಘ ಭೇದವನ್ನು ಮಗುವಾಗಿದ್ದಾಗಲೇ ಕಲಿತವರಿಗೆ ‘ಶಿಪ್’ ಮತ್ತು ‘ಶೀಪ್’ ಬೇರ್ಪಡಿಸುವುದು ದೊಡ್ಡ ಸಂಗತಿಯಲ್ಲ. ಸ್ಪ್ಯಾನಿಷ್ ಮಾತಾಡುವವರು ಇದೇ ಭೇದಕ್ಕೆ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ನಮ್ಮ ಕಷ್ಟ ಬೇರೆ ಕಡೆ ಇದೆ. ಕನ್ನಡದ ಮಾತು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತದೆ. ಹೊರಗಿನಿಂದ ಬಂದ ಪದಕ್ಕೂ ನಾವು ಕೊನೆಗೊಂದು ಉಕಾರ ಸೇರಿಸಿ ಬಸ್ಸು, ಕಾರು, ಪೆನ್ನು ಎಂದು ಒಗ್ಗಿಸಿಕೊಂಡಿದ್ದೇವೆ. ಇಂಗ್ಲಿಷ್ ಇದಕ್ಕೆ ತದ್ವಿರುದ್ಧವಾಗಿ ಪದದ ಕೊನೆಯಲ್ಲಿ ವ್ಯಂಜನಗಳನ್ನು ಒತ್ತೊತ್ತಾಗಿ ತುಂಬಿ, ಕಾಲ, ವಚನ, ಪುರುಷಗಳ ವ್ಯಾಕರಣವನ್ನೆಲ್ಲ ಅಲ್ಲೇ ಇಡುತ್ತದೆ. ‘ಆಸ್ಕ್ಡ್ ದೆಮ್’ ಎಂಬುದು ಸಹಜ ವೇಗದ ಮಾತಿನಲ್ಲಿ ‘ಆಸ್ಟ್ ದೆಮ್’ ಆಗಿ ಹಾರಿಹೋಗುತ್ತದೆ. ಭೂತಕಾಲದ ಗುರುತು ಅಲ್ಲಿ ಒಂದು ಕ್ಷಣ ಮಾತ್ರ ಇತ್ತು, ನಮ್ಮ ಕಿವಿ ಅದನ್ನು ಹುಡುಕಲೇ ಇಲ್ಲ.

ಇದಕ್ಕಿಂತ ದೊಡ್ಡದು ಲಯದ ವ್ಯತ್ಯಾಸ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ಮಾತ್ರೆ ಸಲ್ಲುತ್ತದೆ. ಒಂದನ್ನು ನುಂಗಿ ಇನ್ನೊಂದನ್ನು ಎತ್ತಿ ಹಿಡಿಯುವ ರೂಢಿ ಇಲ್ಲ. ಇಂಗ್ಲಿಷಿನಲ್ಲಿ ವಾಕ್ಯದ ಒಂದೆರಡು ಪದಗಳ ಮೇಲೆ ಒತ್ತು ಬಿದ್ದು ಉಳಿದವು ಕುಗ್ಗಿಹೋಗುತ್ತವೆ. ‘ಷುಡ್ ಹ್ಯಾವ್ ಬೀನ್’ ಎಂದು ಪುಸ್ತಕದಲ್ಲಿ ಮೂರು ಪದಗಳಾಗಿ ಕಂಡದ್ದು ಬಾಯಲ್ಲಿ ‘ಷುಡಬೀನ್’ ಎಂಬ ಒಂದೇ ಉಸಿರು. ‘ಥರ್ಟೀನ್’ ಮತ್ತು ‘ಥರ್ಟಿ’ಗಳನ್ನು ಕೇಳುವವರು ಬೇರ್ಪಡಿಸುವುದು ಬಹುಮಟ್ಟಿಗೆ ಒತ್ತು ಎಲ್ಲಿ ಬಿದ್ದಿತು ಎಂಬುದರಿಂದ. ಕುಗ್ಗುವ ಪದಗಳು ಯಾವುವು ಎಂದು ಗಮನಿಸಿ: ‘ಎ’, ‘ದ’, ‘ಆಫ್’, ‘ಟು’, ‘ಹ್ಯಾವ್’, ‘ವಾಸ್’. ಅರ್ಥದ ಭಾರ ಕಡಿಮೆ, ವ್ಯಾಕರಣದ ಭಾರ ಹೆಚ್ಚು. ಇಂಗ್ಲಿಷನ್ನು ಕಣ್ಣಿನಿಂದ ಕಲಿತವರಿಗೆ ಇವು ಪುಟದ ಮೇಲೆ ಉಳಿದ ಪದಗಳಷ್ಟೇ ಸ್ಪಷ್ಟವಾಗಿ ಕಾಣುತ್ತವೆ. ಮಾತಿನಲ್ಲಿ ಮಾತ್ರ ಅವು ಇದ್ದಂತೆಯೇ ಅನ್ನಿಸುವುದಿಲ್ಲ.

ಬರವಣಿಗೆಯ ಮೌಲ್ಯಮಾಪನದ ನಿಯಮಗಳನ್ನು ತೆರೆದು ನೋಡಿದರೆ ಇವೇ ಪದಗಳು ಮತ್ತೆ ಎದುರಾಗುತ್ತವೆ. ಪ್ರಬಂಧಕ್ಕೆ ಅಂಕ ಕೊಡಲು ನಾಲ್ಕು ಅಳತೆಗಳಿವೆ: ಪ್ರಶ್ನೆಗೆ ಉತ್ತರ ಸಿಕ್ಕಿದೆಯೇ, ವಿಚಾರಗಳು ಒಂದಕ್ಕೊಂದು ಹೊಂದಿವೆಯೇ, ಪದಸಂಪತ್ತು ಹೇಗಿದೆ, ವ್ಯಾಕರಣ ಹೇಗಿದೆ. ನಾಲ್ಕಕ್ಕೂ ಸಮಾನ ತೂಕ. ವ್ಯಾಕರಣದಲ್ಲಿ ಬ್ಯಾಂಡ್ 7 ಸಿಗಬೇಕಾದರೆ ತಪ್ಪಿಲ್ಲದ ವಾಕ್ಯಗಳು ಪದೇಪದೇ ಬರಬೇಕು. ಇಪ್ಪತ್ತು ಪದಗಳ ಸೊಗಸಾದ ಸಂಯುಕ್ತ ವಾಕ್ಯವೊಂದರಲ್ಲಿ ಒಂದೇ ಒಂದು ‘ದ’ ಬಿಟ್ಟುಹೋದರೂ ಅದು ತಪ್ಪಿಲ್ಲದ ವಾಕ್ಯಗಳ ಸಾಲಿನಿಂದ ಹೊರಗೆ. ನಮ್ಮ ಹುಡುಗರು ಕಠಿಣ ಪದಗಳ ಪಟ್ಟಿ ಉರುಹೊಡೆಯುತ್ತಾರೆ. ಅವರ ಅಂಕ ಸೋರುವುದು ಮಾತ್ರ ಮೂರಕ್ಷರ ಮೀರದ ಪದಗಳಲ್ಲಿ. ಇಂಗ್ಲಿಷಿನಲ್ಲಿ ಹೆಚ್ಚಿನ ನಾಮಪದಗಳ ಮುಂದೆ ‘ಎ’, ‘ದ’ ಅಥವಾ ಏನೂ ಇಲ್ಲದಿರುವುದು, ಈ ಮೂರರಲ್ಲಿ ಒಂದನ್ನು ಆರಿಸಲೇಬೇಕು. ಕನ್ನಡಕ್ಕೆ ಆ ಬಗೆಯ ಪದವಿಲ್ಲ, ಆ ಪ್ರಜ್ಞೆ ಇದೆ. ‘ಪುಸ್ತಕ ಕೊಂಡೆ’ ಎಂದಾಗ ಯಾವುದೋ ಒಂದು ಪುಸ್ತಕ, ‘ಪುಸ್ತಕವನ್ನು ಕೊಂಡೆ’ ಎಂದಾಗ ನಮಗಿಬ್ಬರಿಗೂ ಗೊತ್ತಿರುವ ಪುಸ್ತಕ ಎಂಬ ಛಾಯೆ ಸಾಮಾನ್ಯವಾಗಿ ಬರುತ್ತದೆ. ದ್ವಿತೀಯಾ ವಿಭಕ್ತಿ ಇಲ್ಲಿ ಮಾಡುವ ಕೆಲಸಕ್ಕೂ ‘ದ’ ಅಲ್ಲಿ ಮಾಡುವ ಕೆಲಸಕ್ಕೂ ನಂಟಿದೆ. ಇದನ್ನು ಕನ್ನಡದಲ್ಲೇ ಒಮ್ಮೆ ತೋರಿಸಿಕೊಟ್ಟರೆ ನೂರು ನಿಯಮಗಳ ಪಟ್ಟಿಗಿಂತ ಹೆಚ್ಚು ಉಪಯೋಗವಾಗುತ್ತದೆ. ಯಾವ ತರಬೇತಿ ಪುಸ್ತಕವೂ ಅದನ್ನು ಮಾಡದಿರುವುದಕ್ಕೆ ಕಾರಣ ಸರಳ: ಅವು ಕನ್ನಡಿಗರಿಗೆಂದು ಬರೆದವಲ್ಲ.

ಹಾಗಾದರೆ ಕಿವಿಯನ್ನೂ ಕೈಯನ್ನೂ ಒಟ್ಟಿಗೆ ತಿದ್ದುವ ಅಭ್ಯಾಸ ಯಾವುದು? ನಮ್ಮ ಪ್ರಾಥಮಿಕ ಶಾಲೆಗಳಿಗೆ ತೀರಾ ಪರಿಚಿತವಾದ ಉಕ್ತಲೇಖನ. ಮೇಷ್ಟ್ರು ಹೇಳುತ್ತಾರೆ, ಮಕ್ಕಳು ಬರೆಯುತ್ತಾರೆ, ತಪ್ಪಿದ್ದನ್ನು ತಿದ್ದಿಕೊಳ್ಳುತ್ತಾರೆ. ಕನ್ನಡ ಕಾಗುಣಿತ ಗಟ್ಟಿಯಾದದ್ದು ಅದರಿಂದಲೇ. ಇಂಗ್ಲಿಷಿನ ಮಟ್ಟಿಗೆ ಆ ಅಭ್ಯಾಸ ಬಿಡಿ ಪದಗಳ ಕಾಗುಣಿತಕ್ಕೆ ನಿಂತುಹೋಯಿತು, ಪ್ರೌಢಶಾಲೆಗೆ ಬರುವ ಹೊತ್ತಿಗೆ ಅದೂ ಮರೆಯಾಯಿತು. ಈಗ ಬೇಕಾದದ್ದು ಅದನ್ನೇ ಇಡೀ ವಾಕ್ಯಗಳಿಗೆ, ಸಹಜ ವೇಗದ ಮಾತಿಗೆ ವಿಸ್ತರಿಸುವುದು. ಒಂದೂವರೆ ನಿಮಿಷದ ಧ್ವನಿಮುದ್ರಣ ಸಾಕು, ಅದರ ಲಿಖಿತ ರೂಪ ಜೊತೆಗಿರಬೇಕು. ಬಿಬಿಸಿಯ ‘6 ಮಿನಿಟ್ ಇಂಗ್ಲಿಷ್’ ಮಾಲಿಕೆ ಎರಡನ್ನೂ ಉಚಿತವಾಗಿ ಕೊಡುತ್ತದೆ. ಮೊದಲು ಪೆನ್ನು ಮುಟ್ಟದೆ ಪೂರ್ತಿ ಕೇಳಿ, ಹೇಳಿದ್ದೇನು ಎಂಬುದನ್ನು ಕನ್ನಡದಲ್ಲಿ ಎರಡು ವಾಕ್ಯ ಹೇಳಿಕೊಳ್ಳಬೇಕು. ಆಮೇಲೆ ನಿಲ್ಲಿಸಿ ನಿಲ್ಲಿಸಿ ಕೇಳುತ್ತ ಪ್ರತಿ ಪದವನ್ನೂ ಬರೆಯಬೇಕು. ಕೊನೆಗೆ ಲಿಖಿತ ರೂಪದ ಪಕ್ಕದಲ್ಲಿಟ್ಟು ಬಿಟ್ಟುಹೋದದ್ದನ್ನೆಲ್ಲ ಕೆಂಪು ಶಾಯಿಯಲ್ಲಿ ಸೇರಿಸಬೇಕು. ಗೊತ್ತಿಲ್ಲದ ದೊಡ್ಡ ಪದಗಳು ಅಲ್ಲಿ ಕೆಲವೇ ಇರುತ್ತವೆ; ಕೆಂಪು ಗುರುತುಗಳಲ್ಲಿ ಬಹುಪಾಲು ಪ್ರತ್ಯಯಗಳ ಮೇಲೆ, ಸಣ್ಣ ಪದಗಳ ಮೇಲೆ ಬಿದ್ದಿರುತ್ತವೆ. ಹಾಗೆ ಸೇರಿಸಿದ ವಾಕ್ಯವನ್ನು ಮತ್ತೊಮ್ಮೆ ಕೇಳಿ, ಅದೇ ಲಯದಲ್ಲಿ ಗಟ್ಟಿಯಾಗಿ ಹೇಳಿದಾಗ ಮಾತ್ರ ತಿದ್ದುಪಡಿ ಕಿವಿಗೆ ತಲಪುತ್ತದೆ.

ಮರುದಿನದ ಕೆಲಸ ಇನ್ನೂ ಮುಖ್ಯ. ಅದೇ ಭಾಗವನ್ನು ಒಮ್ಮೆ ಕೇಳಿ ಹತ್ತು ಹನ್ನೆರಡು ಮುಖ್ಯ ಪದಗಳನ್ನಷ್ಟೇ ಗುರುತು ಹಾಕಿಕೊಂಡು, ಅವುಗಳಿಂದ ಇಡೀ ಪ್ಯಾರಾವನ್ನು ಸ್ವಂತವಾಗಿ ಮತ್ತೆ ಕಟ್ಟಬೇಕು. ಭಾಷಾಬೋಧನೆಯಲ್ಲಿ ಇದಕ್ಕೆ ‘ಡಿಕ್ಟೋಗ್ಲಾಸ್’ ಎನ್ನುತ್ತಾರೆ. ಆಸ್ಟ್ರೇಲಿಯಾದ ಭಾಷಾತಜ್ಞೆ ರೂತ್ ವಾಜ್ನ್‌ರಿಬ್ 1990ರಲ್ಲಿ ಬಂದ ‘ಗ್ರಾಮರ್ ಡಿಕ್ಟೇಷನ್’ ಪುಸ್ತಕದಲ್ಲಿ ಇದರ ಕ್ರಮವನ್ನು ವಿವರಿಸಿದ್ದಾರೆ. ಮುಖ್ಯ ಪದಗಳು ನಮ್ಮ ಕೈಯಲ್ಲಿರುತ್ತವೆ, ಅವುಗಳನ್ನು ಜೋಡಿಸುವ ಸಣ್ಣ ಪದಗಳನ್ನು ನಾವೇ ಹಾಕಬೇಕಾಗುತ್ತದೆ. ಕೇಳುವ ಪಾಠ ಬರೆಯುವ ಪಾಠವಾಗಿ ತಿರುಗುವುದು ಇಲ್ಲಿ.

ಪರೀಕ್ಷೆಯಲ್ಲಿ ಉಕ್ತಲೇಖನದ ಪ್ರಶ್ನೆಯೇ ಇಲ್ಲವಲ್ಲ, ಇರುವ ಸಮಯವನ್ನು ಅದಕ್ಕೇಕೆ ಕೊಡಬೇಕು ಎಂಬ ಆಕ್ಷೇಪ ಸಹಜ. ಐಇಎಲ್‌ಟಿಎಸ್‌ನಲ್ಲಿ ಇಲ್ಲ, ನಿಜ. ಅದಕ್ಕೆ ಪರ್ಯಾಯವಾಗಿ ಹಲವು ವಿಶ್ವವಿದ್ಯಾಲಯಗಳು ಒಪ್ಪುವ ಪಿಟಿಇ ಅಕಾಡೆಮಿಕ್ ಪರೀಕ್ಷೆಯಲ್ಲಿ ಇದೆ. ಅಲ್ಲಿ ವಾಕ್ಯವೊಂದನ್ನು ಒಮ್ಮೆ ಕೇಳಿಸಿ ಟೈಪ್ ಮಾಡಲು ಹೇಳುತ್ತಾರೆ, ಆ ಒಂದೇ ಉತ್ತರದ ಅಂಕ ಕೇಳುವ ಭಾಗಕ್ಕೂ ಬರೆಯುವ ಭಾಗಕ್ಕೂ ಸೇರುತ್ತದೆ. ಎರಡೂ ಕೌಶಲಗಳು ಒಂದೇ ಕೆಲಸದಲ್ಲಿ ಅಳೆಯಲು ಸಿಗುತ್ತವೆ ಎಂದು ಪರೀಕ್ಷೆ ರೂಪಿಸಿದವರೇ ಒಪ್ಪಿದಂತಾಯಿತು. 1970ರ ದಶಕದಲ್ಲಿ ಅಮೆರಿಕದ ಭಾಷಾತಜ್ಞ ಜಾನ್ ಓಲರ್, ಉಕ್ತಲೇಖನದ ಅಂಕಗಳು ಒಟ್ಟು ಭಾಷಾ ಸಾಮರ್ಥ್ಯದ ಅಂಕಗಳೊಂದಿಗೆ ಚೆನ್ನಾಗಿ ಹೊಂದುತ್ತವೆ ಎಂದು ತೋರಿಸಿದ್ದರು. ಭಾಷಾ ಸಾಮರ್ಥ್ಯವೆಂಬುದೇ ಅವಿಭಾಜ್ಯವಾದ ಒಂದು ಘಟಕ ಎಂಬ ಅವರ ದೊಡ್ಡ ಸಿದ್ಧಾಂತ ಮುಂದೆ ನಿಲ್ಲಲಿಲ್ಲ. ಅಷ್ಟು ದೂರ ನಾನೂ ಹೋಗುವುದಿಲ್ಲ. ಕೇಳಿದ್ದನ್ನು ಬರೆಯುವಾಗ ಸ್ಮರಣೆ, ವ್ಯಾಕರಣ, ಕಾಗುಣಿತ ಎಲ್ಲವೂ ಒಟ್ಟಿಗೆ ದುಡಿಯುತ್ತವೆ ಎಂಬಷ್ಟನ್ನು ಒಪ್ಪಿದರೆ ನನ್ನ ವಾದಕ್ಕೆ ಸಾಕು. ಇನ್ನು ಸಿನಿಮಾ, ವೆಬ್ ಸರಣಿಗಳನ್ನು ನೋಡಿದರೆ ಕಿವಿ ತಾನಾಗಿ ಪಳಗುತ್ತದೆ ಎಂಬ ಸಲಹೆ. ರುಚಿ ಹತ್ತಿಸಲು ಅವು ಒಳ್ಳೆಯವೇ. ಆದರೆ ಪರದೆಯ ಕೆಳಗೆ ಅಕ್ಷರ ಓಡುತ್ತಿರುವಾಗ ನಾವು ಓದುತ್ತಿರುತ್ತೇವೆಯೇ ಹೊರತು ಕೇಳುತ್ತಿರುವುದಿಲ್ಲ. ಅಕ್ಷರ ತೆಗೆದರೆ ಕಥೆಯ ಓಟದಲ್ಲಿ ತಿಳಿಯದ್ದನ್ನು ಊಹಿಸಿ ದಾಟುತ್ತೇವೆ. ಎಲ್ಲಿ ತಪ್ಪಿದೆವು ಎಂದು ತೋರಿಸುವವರು ಅಲ್ಲಿ ಯಾರೂ ಇಲ್ಲ.

ಕಿವಿ ಪಳಗಿ ವಾಕ್ಯ ನೆಟ್ಟಗಾದ ಮೇಲೂ ಬರವಣಿಗೆಯ ಅರ್ಧ ಕೆಲಸ ಉಳಿದಿರುತ್ತದೆ. ಐಇಎಲ್‌ಟಿಎಸ್‌ನ ಬರೆಯುವ ಭಾಗಕ್ಕೆ ಒಟ್ಟು 60 ನಿಮಿಷ. ಮೊದಲ ಪ್ರಶ್ನೆಗೆ ನಕ್ಷೆ, ಕೋಷ್ಟಕ ಅಥವಾ ರೇಖಾಚಿತ್ರವನ್ನು ಕನಿಷ್ಠ 150 ಪದಗಳಲ್ಲಿ ವಿವರಿಸಬೇಕು. ಅಲ್ಲಿ ಅಂಕಿ ಅಂಕಿಯನ್ನೂ ಓದುವುದಕ್ಕಿಂತ, ಒಟ್ಟಾರೆ ಏರಿತೇ ಇಳಿಯಿತೇ ಎಂಬುದನ್ನು ಮೊದಲು ಹೇಳಿದರೆ ಮುಕ್ಕಾಲು ಕೆಲಸ ಆದಂತೆ. ಎರಡನೆಯದು ಕನಿಷ್ಠ 250 ಪದಗಳ ಪ್ರಬಂಧ, ಇದಕ್ಕೆ ಎರಡರಷ್ಟು ತೂಕ. ಟೆಂಪ್ಲೇಟುಗಳ ಆಟ ನಡೆಯುವುದು ಇಲ್ಲಿ. ಯಾವ ವಿಷಯ ಬಂದರೂ ಹೊಂದುವಂಥ ಮೊದಲ ಪ್ಯಾರಾ, ಯಾವ ನಿಲುವಿಗೂ ಒಗ್ಗುವಂಥ ಕೊನೆಯ ಪ್ಯಾರಾ, ನಡುವೆ ‘ಫರ್ದರ್‌ಮೋರ್’, ‘ಮೋರೋವರ್’ಗಳ ಸರಪಳಿ. ಮೌಲ್ಯಮಾಪಕರು ದಿನವೂ ಇಂಥವನ್ನೇ ಓದುವವರು. ಜೋಡಣೆಯ ಪದಗಳನ್ನು ಯಾಂತ್ರಿಕವಾಗಿ, ಅತಿಯಾಗಿ ಬಳಸುವುದು ಮೇಲಿನ ಬ್ಯಾಂಡ್‌ಗಳ ಬರಹದ ಲಕ್ಷಣವಲ್ಲ ಎಂದು ಪ್ರಕಟಿತ ನಿಯಮಗಳಲ್ಲೇ ಇದೆ; ಇಡೀ ಉತ್ತರ ಬಾಯಿಪಾಠವೆಂದು ಸಾಬೀತಾದರೆ ಅಂಕ ಸೊನ್ನೆ. ಭಯಪಟ್ಟ ವಿದ್ಯಾರ್ಥಿಗೆ ಟೆಂಪ್ಲೇಟು ಒಂದು ಆಸರೆಯಲ್ಲವೇ ಎಂದು ಕೇಳಬಹುದು. ಪರಿಚಯ, ಎರಡು ಪ್ಯಾರಾ ವಾದ, ತೀರ್ಮಾನ ಎಂಬ ಹಂದರದ ಮಟ್ಟಿಗೆ ಹೌದು, ಅದು ಇರಲಿ. ಸಿದ್ಧ ವಾಕ್ಯಗಳ ಮಟ್ಟಿಗೆ ಅಲ್ಲ. ಉರುಹೊಡೆದ ವಾಕ್ಯ ದೋಷವಿಲ್ಲದೆ ನಿಂತು, ಅದರ ಪಕ್ಕದ ಸ್ವಂತ ವಾಕ್ಯ ಮುಗ್ಗರಿಸಿದಾಗ ಆ ಅಂತರ ಮೌಲ್ಯಮಾಪಕರ ಕಣ್ಣಿಗೆ ಬೀಳದೆ ಇರುವುದಿಲ್ಲ.

ಪ್ರಬಂಧಕ್ಕೆ ಬೇಕಾದದ್ದು ಹೇಳಲು ಒಂದು ಮಾತು, ಅದಕ್ಕೊಂದು ಆಧಾರ. ಅದು ಯಾವ ಭಾಷೆಯಲ್ಲಿ ಹುಟ್ಟಿದರೂ ಸರಿಯೇ. ಸಾರ್ವಜನಿಕ ಸಾರಿಗೆ ಉಚಿತವಾಗಿರಬೇಕೆ ಎಂಬಂಥ ಪ್ರಶ್ನೆ ಬಂದಿತು ಎನ್ನಿ. ಪರಿಸರ, ದಟ್ಟಣೆ, ಮಾಲಿನ್ಯ ಎಂದು ತರಬೇತಿ ಪುಸ್ತಕದ ಪದಗಳನ್ನು ತೇಲಿಸುವುದು ಒಂದು ದಾರಿ. ನಮ್ಮ ವಿದ್ಯಾರ್ಥಿಯ ಬಳಿ ಅದಕ್ಕಿಂತ ಗಟ್ಟಿಯಾದದ್ದು ಇದೆ: 2023ರ ಜೂನ್ 11ರಿಂದ ಕರ್ನಾಟಕದಲ್ಲಿ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಯಾರಿಗೆ ಅನುಕೂಲವಾಯಿತು, ಖರ್ಚು ಯಾರು ಹೊತ್ತರು, ಬಸ್ಸುಗಳ ಸಂಖ್ಯೆ ಸಾಕಾಯಿತೇ ಎಂಬುದರ ಬಗ್ಗೆ ಅವನು ಅಥವಾ ಅವಳು ಕನ್ನಡದಲ್ಲಿ ಅರ್ಧ ಗಂಟೆ ಜಗಳವಾಡಬಲ್ಲರು. ಆ ಜಗಳವೇ ಪ್ರಬಂಧದ ಕಚ್ಚಾ ಸಾಮಗ್ರಿ. ‘ಇಂಗ್ಲಿಷಿನಲ್ಲೇ ಯೋಚಿಸಿ’ ಎಂಬ ಉಪದೇಶ ಎಲ್ಲ ಕಡೆ ಕೇಳಿಬರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಕನ್ನಡ ವಾಕ್ಯವನ್ನು ಪದಕ್ಕೆ ಪದವಾಗಿ ಇಂಗ್ಲಿಷಿಗೆ ಇಳಿಸಿದರೆ ಕೆಡುತ್ತದೆ, ಏಕೆಂದರೆ ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ. ‘ನಿನ್ನೆ ಬಂದ ಹುಡುಗ’ ಎಂದು ನಾವು ಹೆಸರಿಗೆ ಮೊದಲು ಇಡುವ ವಿವರಣೆಯನ್ನು ಇಂಗ್ಲಿಷಿನಲ್ಲಿ ಹೆಸರಾದ ಮೇಲೆ ಇಡುತ್ತಾರೆ. ಆದರೆ ಯಾವ ಪಕ್ಷ ಹಿಡಿಯಬೇಕು, ಯಾವ ಉದಾಹರಣೆ ಕೊಡಬೇಕು, ಎದುರು ವಾದಕ್ಕೆ ಏನು ಉತ್ತರ ಎಂಬುದನ್ನು ಮೊದಲ ಐದು ನಿಮಿಷ ಕನ್ನಡದಲ್ಲಿ ಯೋಚಿಸುವುದರಿಂದ ನಷ್ಟವಿಲ್ಲ. ಅರ್ಧ ಕಲಿತ ಭಾಷೆಯಲ್ಲೇ ಯೋಚಿಸಲು ಒತ್ತಾಯಿಸಿದರೆ ಆ ಭಾಷೆಯಲ್ಲಿ ಬರುವಷ್ಟು ಚಿಕ್ಕ ವಿಚಾರಗಳೇ ಹೊಳೆಯುತ್ತವೆ. ಪತ್ರಿಕೆಯ ವಾಚಕರ ಪತ್ರಗಳ ಅಂಕಣಕ್ಕೆ ವಾರಕ್ಕೊಂದು ಕನ್ನಡ ಪತ್ರ ಬರೆಯುವ ವಿದ್ಯಾರ್ಥಿ ತನಗೆ ತಿಳಿಯದೆಯೇ ಈ ಪ್ರಬಂಧಕ್ಕೂ ತಯಾರಾಗುತ್ತಿರುತ್ತಾನೆ.

ಇಷ್ಟೆಲ್ಲ ಮಾಡಲು ಸಮಯವೆಲ್ಲಿದೆ, ಪರೀಕ್ಷೆ ಮುಂದಿನ ತಿಂಗಳು ಎನ್ನುವವರಿಗೆ ನನ್ನ ಉತ್ತರ ಕಟುವಾಗಿ ಕೇಳಿಸಬಹುದು: ದಿನಾಂಕ ಮುಂದೂಡಿ. ಪ್ರಶ್ನೆಗಳ ಮಾದರಿ ಕಲಿಯಲು ಎರಡು ವಾರ ಸಾಕು. ಕಿವಿಗೆ ಹೊಸ ಲಯ ಒಗ್ಗಲು ತಿಂಗಳುಗಳು ಬೇಕು, ಅದನ್ನು ಕೊನೆಯ ವಾರಗಳಲ್ಲಿ ತುರುಕಲಾಗದು. ಫಲಿತಾಂಶ ಎರಡು ವರ್ಷ ಮಾನ್ಯವಾಗಿರುವುದರಿಂದ ಪದವಿಯ ಕೊನೆಯ ವರ್ಷದ ಆರಂಭದಲ್ಲೇ ದಿನಕ್ಕೆ ಅರ್ಧ ಗಂಟೆ ತೆಗೆದಿಟ್ಟು ಸಾವಧಾನವಾಗಿ ಹೊರಡುವುದು ಸಾಧ್ಯ. ಇಂಥ ಪರೀಕ್ಷೆಯೇ ಅನ್ಯಾಯ, 40 ನಿಮಿಷದಲ್ಲಿ ಬರೆದ ಪ್ರಬಂಧದಿಂದ ಯಾರ ಯೋಗ್ಯತೆ ತಿಳಿದೀತು ಎಂಬ ಮಾತೂ ಇದೆ. ಅದರಲ್ಲಿ ಹುರುಳಿದೆ. ವಿಶ್ವವಿದ್ಯಾಲಯದ ನಿಜವಾದ ಬರವಣಿಗೆ ಗ್ರಂಥಾಲಯದಲ್ಲಿ ಕೂತು, ಆಕರಗಳನ್ನು ಓದಿ, ವಾರಗಟ್ಟಲೆ ತಿದ್ದುವಂಥದ್ದು, ಈ ಪರೀಕ್ಷೆ ಅದನ್ನು ಮುಟ್ಟುವುದೇ ಇಲ್ಲ. ಕೇಳುವ ಭಾಗದ ಬಗ್ಗೆ ಆ ದೂರು ಅಷ್ಟು ನಿಲ್ಲದು. ತರಗತಿಯ ಚರ್ಚೆಯಲ್ಲಿ ಸಹಪಾಠಿ ಹೇಳಿದ ಮಾತನ್ನು ಯಾರೂ ಎರಡನೆಯ ಸಲ ಕೇಳಿಸುವುದಿಲ್ಲ. ಅಲ್ಲಿ ಮಾತು ಹಿಡಿಯಲಾಗದೆ ಮೌನವಾಗಿ ಕೂತು, ಸಾಲ ಮಾಡಿ ಹೋದ ಒಂದು ವರ್ಷ ಕಳೆದುಕೊಳ್ಳುವುದಕ್ಕಿಂತ ಇಲ್ಲೇ ಕಿವಿಯನ್ನು ತಯಾರು ಮಾಡಿಕೊಳ್ಳುವುದು ಅಗ್ಗ.

ಆದರೆ ಈ ಹೊರೆಯನ್ನೆಲ್ಲ ವಿದ್ಯಾರ್ಥಿಯ ಮೇಲೆ, ಅವನ ತಂದೆತಾಯಿಯ ಕಿಸೆಯ ಮೇಲೆ ಹಾಕಿ ಸುಮ್ಮನಾಗುವುದು ನ್ಯಾಯವಲ್ಲ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ವಿಷಯ ಬಂದದ್ದು 2007–08ರಲ್ಲಿ. ಇಷ್ಟು ವರ್ಷಗಳ ಮೇಲೂ ಎಸ್‌ಎಸ್‌ಎಲ್‌ಸಿಯ ಲಿಖಿತ ಪರೀಕ್ಷೆಯಲ್ಲಿ ಧ್ವನಿಮುದ್ರಣ ಕೇಳಿ ಉತ್ತರಿಸುವ ಭಾಗವಿಲ್ಲ. ಪರೀಕ್ಷೆಯಲ್ಲಿ ಇಲ್ಲದ್ದು ತರಗತಿಯಲ್ಲೂ ಇರುವುದಿಲ್ಲ, ಹೀಗಾಗಿ ಹತ್ತು ಹನ್ನೆರಡು ವರ್ಷ ಇಂಗ್ಲಿಷ್ ಓದಿದ ಹುಡುಗಿ ಇಂಗ್ಲಿಷನ್ನು ಸರಿಯಾಗಿ ಕೇಳಿಯೇ ಇರುವುದಿಲ್ಲ. ಪದವಿ ಕಾಲೇಜುಗಳ ಇಂಗ್ಲಿಷ್ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ವಾರದ ಒಂದು ಪೀರಿಯಡ್ಡನ್ನು ಉಕ್ತಲೇಖನಕ್ಕೆ ಕೊಡಿ. ಭಾಷಾ ಪ್ರಯೋಗಾಲಯ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಒಂದು ಮೊಬೈಲು ಮತ್ತು ಒಂದು ಸ್ಪೀಕರ್ ಸಾಕು. ಎರಡು ನಿಮಿಷ ಕೇಳಿಸಿ, ಬರೆಸಿ, ಬಿಟ್ಟುಹೋದ ಸಣ್ಣ ಪದಗಳನ್ನು ಕಪ್ಪುಹಲಗೆಯ ಮೇಲೆ ಹಾಕಿ, ಅವು ಏಕೆ ಕೇಳಿಸಲಿಲ್ಲ ಎಂಬುದನ್ನು ಕನ್ನಡದಲ್ಲೇ ವಿವರಿಸಿ.